ಬೂದಿಯ ಮೇಲೆ ಕೂರಿಸಿದ ಪಂಪು

ತಿಪಟೂರಿನ ರೈಲು ಗೇಟಿನಾಚೆ, ಕೊಬ್ಬರಿ ಮಂಡಿಗಳ ಸಾಲು ಮುಗಿಯುವಲ್ಲಿ, ಗುಲಾಮ್ ರಸೂಲ್ ಸಾಬರ ತಗಡಿನ ಅಂಗಡಿ ಇತ್ತು. ಅದಕ್ಕೆ ಬೋರ್ಡು ಇರಲಿಲ್ಲ. ಬೋರ್ಡು ನೋಡಿ ಬರುವ ಗಿರಾಕಿಗಳು ಅವರಿಗೆ ಬೇಕಾಗಿಯೂ ಇರಲಿಲ್ಲ. ಮದುವೆಯ ಮೆರವಣಿಗೆಗೆಂದೋ ಹಿರಿಯರ ನೆನಪಿಗೆಂದೋ ಮನೆತನಗಳು ಉಳಿಸಿಕೊಂಡಿದ್ದ ಗುಂಡುಮೂತಿಯ ಹಳೆಯ ಕಾರುಗಳ ನೀರಿನ ಪಂಪು ಸೋರತೊಡಗಿದರೆ, ತುರುವೇಕೆರೆಯಿಂದಲೂ ಚಿಕ್ಕನಾಯಕನಹಳ್ಳಿಯಿಂದಲೂ ಜನ ಅದನ್ನು ಬಿಚ್ಚಿ, ಗೋಣಿತಾಟಿನಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಇಲ್ಲಿಗೇ ಬರುತ್ತಿದ್ದರು. ಆ ಕಾರುಗಳ ಬಿಡಿಭಾಗಗಳು ಅಂಗಡಿಗಳಿಂದ ಮಾಯವಾಗಿ ಒಂದು ತಲೆಮಾರೇ ಕಳೆದಿತ್ತು. ಸವೆದ ಶಾಫ್ಟನ್ನು ರಸೂಲ್ ಸಾಬರು ತಮ್ಮ ಲೇತಿನಲ್ಲಿ ಹೊಸದಾಗಿ ಕಡೆಯುತ್ತಿದ್ದರು. ನೀರನ್ನು ತಡೆದು ನಿಲ್ಲಿಸುವ ಸೀಲು ಕೂರುವ ಜಾಗವನ್ನು ಕನ್ನಡಿಯ ಹಾಗೆ ಉಜ್ಜುತ್ತಿದ್ದರು. ನೀರನ್ನು ನೂಕುವ ರೆಕ್ಕೆಚಕ್ರವನ್ನು ಒತ್ತಿ ಕೂರಿಸಿ, ಬೆರಳಿನಲ್ಲಿ ತಿರುವಿ, ಅದು ಸದ್ದಿಲ್ಲದೆ ಸುತ್ತಿ ನಿಲ್ಲುವುದನ್ನು ತಲೆಬಾಗಿಸಿ ನೋಡುತ್ತಿದ್ದರು. ಎಂಜಿನ್ನಿನ ಬೇರೆ ಯಾವ ಕೆಲಸವನ್ನೂ ಅವರು ಮುಟ್ಟಿದವರಲ್ಲ. ಪಂಪು ಒಂದೇ ಅವರ ವಿದ್ಯೆ.

ಆ ವಿದ್ಯೆಗೆ ಎರಡು ಕಟ್ಟಳೆಗಳಿದ್ದವು. ಮೊದಲನೆಯದು ಮೂಗಿನದು. ಯಾವ ಕಾರಿನ ಮುಂದೆ ನಿಂತರೂ ಸ್ಪ್ಯಾನರ್ ಹಿಡಿಯುವ ಮೊದಲು ರೇಡಿಯೇಟರಿನ ಮುಚ್ಚಳ ತೆಗೆದು, ಒಳಗಿನ ನೀರಿಗೆ ತೋರುಬೆರಳು ಅದ್ದಿ, ಮೂಗಿನ ಬಳಿ ತರುವರು. ಸುಟ್ಟ ಎಣ್ಣೆಯ ವಾಸನೆ ಬಂದರೆ ಒಂದು ರೋಗ, ತುಕ್ಕಿನ ವಾಸನೆ ಬಂದರೆ ಇನ್ನೊಂದು. ಎರಡನೆಯ ಕಟ್ಟಳೆ ಬೂದಿಯದು. ತೆಂಗಿನ ಕರಟ ಸುಟ್ಟ ಬೂದಿಯನ್ನು ಜರಡಿ ಹಿಡಿದು ಅಗಲವಾದ ತಟ್ಟೆಯಲ್ಲಿ ಹರವಿ, ಕಟ್ಟಿ ಮುಗಿಸಿದ ಪಂಪಿಗೆ ನೀರು ತುಂಬಿ, ಬಾಯಿಗಳಿಗೆ ಬಿರಡೆ ಬಡಿದು, ಅದನ್ನು ಆ ಬೂದಿಯ ಮೇಲೆ ಕೂರಿಸಿ ಮನೆಗೆ ಹೋಗುವರು. ಮರುದಿನ ಬಂದು ಎತ್ತಿ ನೋಡಿದಾಗ ಬೂದಿ ಹರವಿದಂತೆಯೇ ಇರಬೇಕು. ಸಾಸಿವೆಯಷ್ಟು ಕುಳಿ ಬಿದ್ದಿದ್ದರೂ ಆ ಪಂಪನ್ನು ಮತ್ತೆ ಬಿಚ್ಚುವರು. ಗಿರಾಕಿ ಎಷ್ಟೇ ಆತುರದವನಾದರೂ ಬೂದಿಯ ಒಪ್ಪಿಗೆ ಇಲ್ಲದೆ ಪಂಪು ಅಂಗಡಿಯ ಹೊಸ್ತಿಲು ದಾಟಿದ್ದಿಲ್ಲ. "ರಸೂಲ್ ಸಾಬರ ಕೈ" ಎಂದು ಮೂರು ತಾಲ್ಲೂಕಿನ ಜನ ಹೇಳುತ್ತಿದ್ದ ಮಾತಿನ ಬೆಲೆ ಅವರಿಗೆ ಚೆನ್ನಾಗಿ ಗೊತ್ತಿತ್ತು. ಆಸ್ತಿಯೆಂದು ಅವರಿಗೆ ಇದ್ದದ್ದು ಆ ಮಾತೇ.

ಆ ಕೈಯನ್ನು ಎಲ್ಲರಿಗಿಂತ ಹೆಚ್ಚು ಹೊಗಳಿದವರು ಹಂದನಕೆರೆಯ ಪರಮಶಿವಯ್ಯನವರು. ತೆಂಗಿನ ತೋಟದ ಯಜಮಾನರು. ಅವರ ತಂದೆಯ ಕಾಲದಲ್ಲಿ ಮನೆಗೆ ಬಂದ ಬೂದುಬಣ್ಣದ ಆಸ್ಟಿನ್ ಕಾರನ್ನು ಕೂಸಿನಂತೆ ಸಾಕಿದವರು. ಪ್ರತಿ ಸೋಮವಾರ ಬೆಳಗ್ಗೆ ಅದನ್ನು ತಾವೇ ತೊಳೆದು, ಮೂತಿಗೆ ವಿಭೂತಿ ಬಳಿದು, ಕಾಯಿ ಒಡೆಯುತ್ತಿದ್ದರು. ದೇವರ ಹೆಸರಿನಲ್ಲಿ ಒಡೆದ ಕಾಯಿಯ ನೀರು ನೆಲಕ್ಕೆ ಬಿದ್ದು ಯಾರ ಕಾಲಿಗೂ ಸಿಕ್ಕಬಾರದೆಂಬುದು ಆ ಮನೆಯ ಪದ್ಧತಿ. ಹೆಂಡತಿ ದ್ರಾಕ್ಷಾಯಣಮ್ಮ ಹೋಳನ್ನು ಚೆಲ್ಲದಂತೆ ಎರಡೂ ಕೈಯಲ್ಲಿ ಹಿಡಿದುಕೊಟ್ಟರೆ, ಪರಮಶಿವಯ್ಯನವರು ಬಾನೆಟ್ಟಿಗೆ ಒರಗಿ ನಿಂತು ಅದನ್ನು ಕುಡಿಯುವರು. ಪಂಪನ್ನು ನೋಡಿಹೋಗಲೆಂದು ರಸೂಲ್ ಸಾಬರು ಬಂದಿದ್ದರೆ ಅರ್ಧ ಉಳಿಸುವರು.

"ತಗೊಳ್ಳಿ ಸಾಬ್ರೇ, ನಿಮ್ಮ ಪಾಲು," ಎನ್ನುವರು. "ಈ ಕಾರಿಗೂ ನನಗೂ ಹೆಚ್ಚುಕಮ್ಮಿ ಒಂದೇ ವಯಸ್ಸು ಕಣ್ರೀ. ಇದರ ಪಂಪು ಬಿಚ್ಚಿ ಕಟ್ಟಿದಂಗೆ ನಂದೂ ಒಂದ್ಸಲ ಬಿಚ್ಚಿ ಕಟ್ಟಿಬುಡಿ."

"ನಿಮ್ಮ ಅಳತೆ ಶಾಫ್ಟು ಕಡೆಯೋ ಲೇತು ನನ್ ಹತ್ರ ಇಲ್ಲ ಯಜಮಾನ್ರೇ."

"ಹಂಗಾದ್ರೆ ಸೋರ್ಕೊಂಡೇ ಇರ್ತೀನಿ ಬುಡಿ."

ಕೊರೋನದ ಎರಡನೆಯ ಅಲೆ ಬಂದ ಬೇಸಿಗೆಯಲ್ಲಿ ಇಬ್ಬರೂ ಮಲಗಿದರು. ಪರಮಶಿವಯ್ಯನವರನ್ನು ಆಸ್ಪತ್ರೆಗೆ ಕರೆದೊಯ್ದ ಗಾಡಿ ಅವರನ್ನು ಮರಳಿ ತರಲಿಲ್ಲ. ರಸೂಲ್ ಸಾಬರು ಉಳಿದರು. ಎದ್ದು ಓಡಾಡುವಷ್ಟು ತ್ರಾಣ ಬಂದ ಮೇಲೆ ಅಂಗಡಿಯ ಕಡೆ ನಡೆದರೆ, ಮಂಡಿಗಳ ಬಾಗಿಲು ತೆರೆದಿದ್ದರೂ ಬೀದಿ ಬರಿದಾಗಿ ಕಂಡಿತು. ಏನು ಕಡಿಮೆಯಾಗಿದೆಯೆಂದು ತಿಳಿಯಲು ಅವರು ಸ್ವಲ್ಪ ಹೊತ್ತು ಅಲ್ಲಿಯೇ ನಿಲ್ಲಬೇಕಾಯಿತು. ಹುಟ್ಟಿದಂದಿನಿಂದ ಮೂಗಿನಲ್ಲಿದ್ದ ಕೊಬ್ಬರಿಯ ವಾಸನೆ ಇರಲಿಲ್ಲ. ಡೀಸೆಲ್ ಮೂಸಿದರು, ಗ್ರೀಸ್ ಮೂಸಿದರು. ಯಾವುದೂ ಇರಲಿಲ್ಲ.

ಹೆಂಡತಿ ಅಜೀಜುನ್ನೀಸಾಗೆ ಮಾತ್ರ ಹೇಳಿದರು. ಆಕೆ ಅಳುಕನ್ನು ಮಾತಿನಲ್ಲಿ ಮುಚ್ಚುವ ಹೆಂಗಸು. "ಮೊದಲೂ ನನ್ನ ಸಾರಿಗೆ ಘಮ ಇಲ್ಲ ಅಂತಿದ್ರಿ. ಈಗ ದೂರೋಕೆ ದಾರಿ ಇಲ್ಲ," ಎಂದು ನಕ್ಕಳು. ಆಮೇಲೆ, "ಟೀವೀಲಿ ಡಾಕ್ಟರು ವಾಸನೆ ವಾಪಸ್ ಬರುತ್ತೆ ಅಂತಾರಲ್ಲ, ಬರುತ್ತೆ," ಎಂದಳು.

ಬರಲಿಲ್ಲ. ಆದರೂ ಬೆರಳು ಅಭ್ಯಾಸ ಬಿಡಲಿಲ್ಲ. ಮುಚ್ಚಳ ತೆಗೆದು, ಅದ್ದಿ, ಮೂಗಿನ ಬಳಿ ತಂದು, ಎಂದಿನಂತೆ ಕ್ಷಣಹೊತ್ತು ಕಣ್ಣು ಮುಚ್ಚಿ ತಲೆಯಾಡಿಸುವರು. ಗಿರಾಕಿಯ ಎದುರು ಅದನ್ನು ಬಿಡುವುದಕ್ಕೆ ಅವರಿಗೆ ಮನಸ್ಸು ಬರಲಿಲ್ಲ. ಬೆರಳಿಗೆ ಅಂಟಿದ ನೀರು ಏನನ್ನೂ ಹೇಳದೆ ಆರುತ್ತಿತ್ತು.

ಪರಮಶಿವಯ್ಯನವರ ವರ್ಷಾಬ್ದಿಕ ಕಳೆದ ಮೇಲೆ ಆಸ್ಟಿನ್ನಿನ ಪಂಪು ಸೋರಿತು. ರಸೂಲ್ ಸಾಬರು ಹಂದನಕೆರೆಗೆ ಹೋದರು. ಕಾರಿನ ಮನೆ ಕಾಯಿ ಅಟ್ಟದ ಕೆಳಗಿತ್ತು. ಮೇಲೆ ಹಲಗೆಗಳ ಮೇಲೆ ತಿಂಗಳುಗಟ್ಟಲೆ ಒಣಗುತ್ತಿದ್ದ ಕಾಯಿ, ಮೂಲೆಯಲ್ಲಿ ಸುಲಿದ ಮಟ್ಟೆಯ ರಾಶಿ, ಬಾಗಿಲಲ್ಲಿ ಒಡೆದ ಕರಟ. ಮೂಗಿದ್ದವರಿಗೂ ಆ ಜಾಗದಲ್ಲಿ ಕಾಯಿಯ ವಾಸನೆ ಬಿಟ್ಟು ಬೇರೊಂದು ತಿಳಿಯುತ್ತಿರಲಿಲ್ಲ. ಅವರು ಎಂದಿನಂತೆ ಬೆರಳು ಅದ್ದಿ ಮೂಗಿನ ಬಳಿ ತಂದು, ನೀರನ್ನು ಹೊರಕ್ಕೆ ಬಿಟ್ಟು, ಪಂಪನ್ನು ಬಿಚ್ಚಿ ತಿಪಟೂರಿಗೆ ತಂದರು. ರೆಕ್ಕೆಗಳ ಅಂಚು ಇಲಿ ತಿಂದಂತೆ ಕರಗಿತ್ತು. ಸೀಲು ಕೂರುವ ಜಾಗದಲ್ಲಿ ಸಣ್ಣ ಸಣ್ಣ ಗುಳಿ. ಇದು ಬೋರಿನ ಸವಳು ನೀರಿನ ಕೆಲಸವೆಂದುಕೊಂಡರು. ಎಲ್ಲವನ್ನೂ ಹೊಸದು ಮಾಡಿ, ಬೂದಿಯ ಒಪ್ಪಿಗೆ ಪಡೆದು, ತಿರುಗಿ ಜೋಡಿಸಿದರು. ಮಳೆನೀರನ್ನೇ ಹಾಕಿಸಬೇಕೆಂದು ದ್ರಾಕ್ಷಾಯಣಮ್ಮನವರಿಗೆ ಹೇಳಿದರು. ಆಕೆ ತೊಟ್ಟಿಯಲ್ಲಿ ಹಿಡಿದಿಟ್ಟ ಮಳೆನೀರನ್ನು ಬಟ್ಟೆಯಲ್ಲಿ ಸೋಸಿ ತಂದು ತಾವೇ ನಿಂತು ಹಾಕಿಸಿದರು.

ಕೆಲವು ತಿಂಗಳಲ್ಲಿ ಅದು ಮತ್ತೆ ಸೋರಿತು.

ಈ ಸಲ ಕರೆಯಲು ಬಂದವನು ಪರಮಶಿವಯ್ಯನವರ ಮೊಮ್ಮಗ ಉಜ್ವಲ್. ತಿಪಟೂರಿನಲ್ಲಿ ಕೊಬ್ಬರಿ ಮಂಡಿ ನೋಡಿಕೊಳ್ಳುತ್ತಿದ್ದ ಹುಡುಗ. ಕೆಟ್ಟವನಲ್ಲ, ನಾಲಿಗೆಗೆ ಕಡಿವಾಣವಿಲ್ಲದವನು. ಅಂಗಡಿಯ ಬಾಗಿಲಿಗೆ ಬಂದು, ನಾಲ್ಕು ಜನ ಕೇಳುವಂತೆ, "ಸಾಬ್ರೇ, ತಾತ ಇದ್ದಾಗ ನೀವು ಕಟ್ಟಿದ ಪಂಪು ಹತ್ತು ವರ್ಷ ಬರ್ತಿತ್ತು. ಈಗ ಒಂದು ಬೆಳೆಗೂ ಬರಲ್ಲ. ತಾತನ ಮೇಲಿದ್ದ ಪ್ರೀತಿ ನಮ್ ಮೇಲಿಲ್ವಾ?" ಎಂದ.

"ಪ್ರೀತಿ ಪಂಪಿನೊಳಗೆ ಹಾಕೋ ಸಾಮಾನಲ್ಲ ಕಣಪ್ಪ," ಎಂದರು ರಸೂಲ್ ಸಾಬರು. ಹೇಳಿ ತಾವೇ ನಗಲು ಹೊರಟರು, ನಗು ಬರಲಿಲ್ಲ.

ಆ ಸಲ ಅವರು ಮನೆಗೆ ಹೋಗಲಿಲ್ಲ. ಬೂದಿಯ ತಟ್ಟೆಯ ಪಕ್ಕದಲ್ಲಿಯೇ ಚಾಪೆ ಹಾಸಿಕೊಂಡರು. ಬೂದಿ ಮಿಸುಕಲಿಲ್ಲ. ಎತ್ತಿ, ಒರೆಸಿ, ಇನ್ನೊಂದು ಹಗಲು ಕೂರಿಸಿದರು. ಆಗಲೂ ಮಿಸುಕಲಿಲ್ಲ. ಇಷ್ಟು ಖಚಿತವಾಗಿ ಕೂತದ್ದು ಕಾರಿಗೆ ಹೋದೊಡನೆ ಏಕೆ ಬಿಡುತ್ತದೆ? ಅವರು ತಮ್ಮ ಕಣ್ಣನ್ನು ಸಂಶಯಿಸಿದರು, ಕನ್ನಡಕ ಬದಲಿಸಿದರು. ಬಿಡುವಿದ್ದಾಗ ಕೈಯನ್ನು ಬೆಳಕಿಗೆ ಚಾಚಿ ಬೆರಳು ನಡುಗುತ್ತದೆಯೇ ಎಂದು ನೋಡಿಕೊಂಡರು. ದಿಟ್ಟಿಸಿ ನೋಡಿದರೆ ಯಾರ ಬೆರಳಾದರೂ ಕೊಂಚ ನಡುಗುತ್ತದೆ. ಅವರದೂ ನಡುಗಿತು.

ಮಾತು ಮಂಡಿಯಿಂದ ಮಂಡಿಗೆ ಹರಿಯಿತು. ತಮ್ಮ ಜೀಪಿನ ಪಂಪನ್ನು ಬಿಚ್ಚಿ ತಂದಿಟ್ಟಿದ್ದ ತುರುವೇಕೆರೆಯ ಒಬ್ಬರು, "ಆಮೇಲೆ ಬತ್ತೀನಿ ಸಾಬ್ರೇ," ಎಂದು ತಿರುಗಿ ಒಯ್ದರು. ಅವರು ಬರಲಿಲ್ಲ. ಬೇರೆಯವರೂ ಬರುವುದನ್ನು ನಿಲ್ಲಿಸಿದರು.

ಮೂರನೆಯ ಸಲ ಆದದ್ದನ್ನು ಊರೇ ನೋಡಿತು. ಉಜ್ವಲ್ ತನ್ನ ಗೆಳೆಯ ಪುನೀತನ ಮದುವೆಗೆ ಆಸ್ಟಿನ್ನನ್ನು ಹೂವಿನಿಂದ ಸಿಂಗರಿಸಿ ತಾನೇ ಓಡಿಸಿಕೊಂಡು ಹೊರಟಿದ್ದ. ಹಂದನಕೆರೆಯ ಆಚೆಯ ಏರಿನಲ್ಲಿ ಬಾನೆಟ್ಟಿನಿಂದ ಹಬೆ ಎದ್ದಿತು. ನಿಲ್ಲಿಸುವಷ್ಟರಲ್ಲಿ ಎಂಜಿನ್ನಿನ ತಲೆ ಕಾದು ಸೊಟ್ಟಗಾಗಿತ್ತು. ಮದುಮಕ್ಕಳನ್ನು ಆಟೋದಲ್ಲಿ ಕಳಿಸಿದರು. ಹೂವಿನ ಹಾರಗಳೊಡನೆ ಕಾರನ್ನು ಟ್ರ್ಯಾಕ್ಟರಿಗೆ ಕಟ್ಟಿ ಎಳೆದು ತಂದರು. ಮರುದಿನ ರಸೂಲ್ ಸಾಬರು ಹೋದಾಗ ಬಾಡಿದ ಸೇವಂತಿಗೆ ಇನ್ನೂ ದೀಪಗಳಿಗೆ ಅಂಟಿಕೊಂಡಿತ್ತು.

ಅವರು ಪಂಪನ್ನು ಬಿಚ್ಚಿ ಕೈಗೆತ್ತಿಕೊಂಡರು. ಉಜ್ವಲ್ ಈ ಸಲ ದನಿ ಏರಿಸಲಿಲ್ಲ. ಅದರಿಂದಲೇ ಅವರಿಗೆ ಹೆಚ್ಚು ನೋವಾಯಿತು. "ಸಾಕು ಬುಡಿ ಸಾಬ್ರೇ. ವಯಸ್ಸಾದ್ರೆ ಯಾರ ಕೈಯಾದ್ರೂ ಹೋಯ್ತದೆ. ತುಮಕೂರಿನೋರು ಬಂದು ಹೆಡ್ಡು ರಿಪೇರಿ ಮಾಡಿ, ಬೇರೆ ಗಾಡಿಯ ಹೊಸ ಪಂಪನ್ನೇ ಕೂರಿಸ್ತಾರಂತೆ. ಇದನ್ನ ನೀವೇ ಇಟ್ಕೊಳ್ಳಿ, ನೆನಪಿಗೆ."

ದ್ರಾಕ್ಷಾಯಣಮ್ಮನವರು ಬಾಗಿಲಲ್ಲಿ ನಿಂತಿದ್ದರು. "ಅವರ ಮನಸ್ಸು ನೋಯಿಸಬೇಡ ಕಣ್ಲಾ," ಎಂದು ಮೊಮ್ಮಗನನ್ನು ಗದರಿದರು. ರಸೂಲ್ ಸಾಬರು ಆಕೆಯ ಕಡೆ ತಿರುಗಿ ಹೇಳಿದರು: "ಹುಡುಗ ಹೇಳೋದು ಸರಿ ಅಮ್ಮಾವ್ರೇ. ನನ್ ಕೈ ಹೋಯ್ತು."

ತಾವು ಹಾಗೆ ಒಪ್ಪಿಕೊಂಡ ಮೇಲೆ ಅಂಗಡಿಯಲ್ಲಿ ಕೂರುವುದು ಅವರಿಗೆ ಸುಳ್ಳು ಹೇಳಿದಂತೆ ಕಂಡಿತು. ಲೇತನ್ನು ಅರಸೀಕೆರೆಯ ಗುಜರಿಯವರಿಗೆ ಕೊಟ್ಟರು. ಅದನ್ನು ಲಾರಿಗೆ ಏರಿಸುವಾಗ ಹಾಸುಗಲ್ಲಿನ ಮೇಲೆ ಅದರ ನಾಲ್ಕು ಕಾಲಿನ ಗುರುತು ಉಳಿಯಿತು. ಸ್ಪ್ಯಾನರುಗಳು ಯಾರು ಯಾರ ಮನೆಗೋ ಹೋದವು. ಬೂದಿಯ ತಟ್ಟೆಯನ್ನು ತೊಳೆದು, ಆಸ್ಟಿನ್ನಿನ ಪಂಪನ್ನು ಆ ತಟ್ಟೆಯಲ್ಲಿಟ್ಟು, ಎರಡನ್ನೂ ಚೀಲಕ್ಕೆ ಹಾಕಿಕೊಂಡು ಮನೆಗೆ ಬಂದರು. ಅಷ್ಟು ವರ್ಷಗಳಲ್ಲಿ ಅವರು ಪಂಪೊಂದನ್ನು ಮನೆಯೊಳಗೆ ತಂದದ್ದು ಅದೇ ಮೊದಲು.

ಅಡುಗೆಮನೆಯ ಕಿಟಕಿಯ ಕೆಳಗೆ ಕೂತು ಅವರು ಅದರ ಸೀಲನ್ನು ಎಬ್ಬಿಸುತ್ತಿದ್ದರು. ಮಾಡಲು ಬೇರೆ ಕೆಲಸವಿಲ್ಲದ ಕೈಗೆ ಅದೊಂದು ಚಟ. ಅಜೀಜುನ್ನೀಸಾ ಒಲೆಯ ಬಳಿಯಿಂದ ತಿರುಗಿದಳು.

"ಅದೇನು ಹುಳಿ ನಾತ? ಕಾಯಿ ಕೊಳೆತ ಹಾಗಿದೆ."

"ಎಲ್ಲಿ?"

"ನಿಮ್ಮ ಕೈಯಲ್ಲಿ." ಆಕೆ ಬಂದು ಪಂಪನ್ನು ಎತ್ತಿ ಮೂಸಿ, ಮುಖ ಕಿವುಚಿದಳು. "ಇದರೊಳಗೇ ಇದೆ. ಒಡೆದಿಟ್ಟ ಕಾಯಿನೀರು ಬಿಸಿಲಿಗೆ ಕೆಟ್ಟರೆ ಹೀಗೇ ಅಲ್ವಾ ನಾರೋದು? ತಿಪಟೂರಿನ ಕೂಸಿಗೂ ಗೊತ್ತು ಈ ವಾಸನೆ."

ರಸೂಲ್ ಸಾಬರು ಪಂಪನ್ನು ಹಿಂದಕ್ಕೆ ತೆಗೆದುಕೊಂಡು ಮೂಗಿಗೆ ಒತ್ತಿ ಹಿಡಿದರು. ಎದೆ ತುಂಬ ಎಳೆದರು. ತಣ್ಣಗಿನ ಕಬ್ಬಿಣ ಮೂಗಿನ ತುದಿಗೆ ತಾಗಿತು, ಅಷ್ಟೇ. ಆದರೆ ಬುದ್ಧಿಗೆ ಎಲ್ಲವೂ ತಿಳಿದುಹೋಯಿತು. ಹುಳಿತ ಕಾಯಿನೀರು ಎರಕದ ಕಬ್ಬಿಣವನ್ನು ತಿನ್ನುತ್ತದೆ; ಸೀಲಿನ ಪೀಠವನ್ನು ಕೊರೆಯುತ್ತದೆ. ಕೈ ಹೋಗಿರಲಿಲ್ಲ. ಮೊದಲ ದಿನವೇ ಬೆರಳು ಆ ನೀರನ್ನು ಮೂಗಿನವರೆಗೆ ತಂದು ಕೊಟ್ಟಿತ್ತು.

ಯಾರು ಹಾಕಿದರು, ಏಕೆ ಹಾಕಿದರು ಎಂಬುದನ್ನು ತಿಳಿಯಲು ಮುಂದಿನ ಸೋಮವಾರ ಮೊದಲ ಬಸ್ಸಿಗೇ ಹಂದನಕೆರೆಗೆ ಹೋದರು. ತುಮಕೂರಿನವರು ಎಂಜಿನ್ನನ್ನು ಸರಿಮಾಡಿ, ಹೊಸ ಪಂಪು ಕೂರಿಸಿ ಹೋಗಿ ಎರಡು ದಿನವಾಗಿತ್ತು. ಕಾರಿನ ಮನೆಯ ಬಾಗಿಲು ಅರ್ಧ ತೆರೆದಿತ್ತು. ಒಳಗೆ ದ್ರಾಕ್ಷಾಯಣಮ್ಮ ಒಬ್ಬರೇ ಇದ್ದರು. ಕಾರಿನ ಮೂತಿಗೆ ಹೊಸ ವಿಭೂತಿ ಬಳಿದಿತ್ತು. ಆಕೆ ಕಾಯಿ ಒಡೆದು, ಹೋಳನ್ನು ಚೆಲ್ಲದಂತೆ ಎರಡೂ ಕೈಯಲ್ಲಿ ಹಿಡಿದು, ಸ್ವಲ್ಪ ಹೊತ್ತು ಬಾನೆಟ್ಟಿನ ಬಳಿ ನಿಂತರು. ಅಲ್ಲಿ ಒರಗಿ ನಿಂತು ಅದನ್ನು ತೆಗೆದುಕೊಳ್ಳುವವರು ಇರಲಿಲ್ಲ. ಆಮೇಲೆ ರೇಡಿಯೇಟರಿನ ಮುಚ್ಚಳ ತಿರುವಿದರು.

"ಅಮ್ಮಾವ್ರೇ," ಎಂದರು ರಸೂಲ್ ಸಾಬರು.

ಆಕೆ ಬೆಚ್ಚಲಿಲ್ಲ. "ಬನ್ನಿ ಸಾಬ್ರೇ. ಹೊಸ ಪಂಪು ನೋಡೋಕೆ ಬಂದ್ರಾ?"

"ಕಾಯಿನೀರು ಕಾರಿಗೆ ಹಾಕ್ತೀರಾ?"

"ಇನ್ಯಾರಿಗೆ ಕೊಡಲಿ? ಉಜ್ವಲ್ ಸೋಮವಾರ ಇಲ್ಲಿರಲ್ಲ. ಮಟ್ಟೆ ಸುಲಿಯೋ ಕೆಂಚಪ್ಪನ ಆಳುಗಳು ಓಡಾಡೋ ನೆಲಕ್ಕೆ ಚೆಲ್ಲೋಕಾಗಲ್ಲ." ಆಕೆ ಹೋಳಿನೊಳಗಿನ ನೀರನ್ನು ನೋಡುತ್ತ ಮಾತಾಡಿದರು. ತಗ್ಗಿದ, ಸಮವಾದ ದನಿ. "ಅವರು ಹೋಗುವಾಗ ಬಾಯಿಗೆ ಒಂದು ಗುಟುಕು ನೀರು ಬಿಡೋಕೆ ನನ್ನ ಬಿಡಲಿಲ್ಲ ಸಾಬ್ರೇ. ಗಾಜಿನ ಆಚೆ ಇದ್ರು. ಮುಖವನ್ನೂ ಸುತ್ತಿಬುಟ್ಟಿದ್ರು. ಇಲ್ಲಿ ಅವರು ಕುಡೀತಿದ್ದ ಜಾಗ. ಅವರ ಪಾಲು ಇದರ ಬಾಯಿಗೆ ಬಿಟ್ರೆ ನನಗೆ ಆ ವಾರ ಊಟ ಇಳೀತದೆ. ಮೊದಲ ವರ್ಷದಿಂದ ಬಿಟ್ಟೇ ಇಲ್ಲ."

ಹೇಳಬೇಕೆಂದು ಬಂದ ಮಾತು ರಸೂಲ್ ಸಾಬರ ಗಂಟಲಿನಲ್ಲಿ ಸಿದ್ಧವಾಗಿತ್ತು. ಅದು ಸಣ್ಣ ಮಾತು. ಅದನ್ನು ಹೇಳಿದರೆ ಮೂರು ತಾಲ್ಲೂಕಿನಲ್ಲಿ ತಮ್ಮ ಹೆಸರು ಮರಳಿ ಬರುತ್ತಿತ್ತು. ಈ ಹೆಂಗಸು ತಾನು ಗಂಡನ ಬಾಯಿಗೆಂದು ಬಿಟ್ಟದ್ದು ಗಂಡನ ಕಾರನ್ನು ಕೊರೆಯುತ್ತಿತ್ತೆಂದು ತಿಳಿದು ಉಳಿದ ದಿನ ಕಳೆಯಬೇಕಾಗುತ್ತಿತ್ತು. ಉಜ್ವಲನಿಗೆ ಗುಟ್ಟಾಗಿ ಹೇಳೋಣವೆಂದರೆ ಆ ಹುಡುಗನ ಬಾಯಲ್ಲಿ ಗುಟ್ಟು ಸಂಜೆಯವರೆಗೂ ನಿಲ್ಲುವುದಲ್ಲ. ಏನೂ ಹೇಳದೆ ತಿರುಗಿ ಹೋಗುವ ದಾರಿಯೂ ಇತ್ತು. ಆಕೆ ಹೀಗೆಯೇ ಹಾಕುತ್ತಿದ್ದರೆ ಹೊಸ ಪಂಪೂ ತಿಂಗಳುಗಳಲ್ಲಿ ಸೋರುತ್ತದೆ; ತುಮಕೂರಿನವರ ಕೈಯೂ ಸೋತಿತೆಂದರೆ ರಸೂಲ್ ಸಾಬರ ಕೈಯ ತಪ್ಪಲ್ಲವೆಂದು ಊರು ತಾನೇ ಹೇಳುತ್ತದೆ. ಆ ದಾರಿ ತಮ್ಮ ಮನಸ್ಸಿಗೆ ಹೊಳೆದದ್ದಕ್ಕೆ ಅವರಿಗೆ ನಾಚಿಕೆಯಾಯಿತು. ಯಜಮಾನರ ಎಂಜಿನ್ನು ಇನ್ನೊಂದು ಸಲ ಕಾದರೆ ಉಳಿಯುವುದಲ್ಲ.

ಆಕೆಯ ಕೈ ರೇಡಿಯೇಟರಿನ ಬಾಯಿಯ ಮೇಲೆ ಬಾಗಿತು.

"ಅಮ್ಮಾವ್ರೇ, ಯಜಮಾನ್ರು ಅದರಲ್ಲಿ ಅರ್ಧ ನನಗೆ ಇಡ್ತಿದ್ರು," ಎಂದರು ರಸೂಲ್ ಸಾಬರು. "ಅವರು ಹೋದ ಮೇಲೆ ನನ್ನ ಪಾಲು ಯಾರೂ ಕೊಟ್ಟಿಲ್ಲ."

ದ್ರಾಕ್ಷಾಯಣಮ್ಮ ತಲೆಯೆತ್ತಿ ಅವರನ್ನು ನೋಡಿದರು. "ನೀವು ಕೇಳಲಿಲ್ಲವಲ್ಲ ಸಾಬ್ರೇ."

"ಈಗ ಕೇಳ್ತಿದೀನಿ. ಅವರ ಪಾಲೂ ನನಗೇ ಕೊಡಿ. ಕೆಲಸ ಬಿಟ್ಟಿದೀನಿ, ಬಿಡುವಿದೆ. ಸೋಮವಾರ ಸೋಮವಾರ ಬತ್ತೀನಿ. ನಾನು ಕುಡಿಯೋದು ನೋಡಿ. ಕಬ್ಬಿಣ ಕುಡಿದದ್ದು ನಿಮಗೆ ಕಾಣಲ್ಲ."

ಅಟ್ಟದ ಮೇಲೆ ಒಂದು ಕಾಯಿ ಹೊರಳಿ ನಿಂತಿತು. ಆಮೇಲೆ ಆಕೆ ಮುಚ್ಚಳವನ್ನು ತಿರುವಿ ಮುಚ್ಚಿ, ಹೋಳನ್ನು ಚೆಲ್ಲದಂತೆ ಹಿಡಿದುಕೊಂಡು ಅವರ ಬಳಿಗೆ ಬಂದರು. ರಸೂಲ್ ಸಾಬರು ಬಾನೆಟ್ಟಿಗೆ ಒರಗದೆ, ಅದರ ಪಕ್ಕದಲ್ಲಿ ನೆಟ್ಟಗೆ ನಿಂತು, ಬೊಗಸೆ ಒಡ್ಡಿದರು. ಆಕೆ ಸುರಿದರು. ಒಂದು ಹನಿಯೂ ನೆಲಕ್ಕೆ ಬೀಳಲಿಲ್ಲ. ಅವರಿಗೆ ಅದು ಕೊಂಚ ಸಿಹಿಯಾದ ತಣ್ಣೀರು. ಕಾಯಿಯೆಂದು ಹೇಳುವ ಘಮ ಅದರಲ್ಲಿ ಇರಲಿಲ್ಲ.

"ಹೆಂಗಿದೆ?" ಎಂದು ಕೇಳಿದರು ಆಕೆ.

"ಒಳ್ಳೆ ಕಾಯಿ ಅಮ್ಮಾವ್ರೇ," ಎಂದರು. ಹೊರಡುವ ಮೊದಲು, ಹೊಸ ಪಂಪಿಗೆ ಹಳೇ ನೀರು ಆಗದೆಂದು ಹೇಳಿ, ರೇಡಿಯೇಟರನ್ನು ಬಸಿದು ತೊಳೆದು, ತೊಟ್ಟಿಯ ನೀರು ತುಂಬಿ ಬಂದರು.

ಮನೆಯಲ್ಲಿ ಅಜೀಜುನ್ನೀಸಾ ಕೆರಳಿದಳು. "ಹೇಳಲಿಲ್ವಾ? ಅವರ ಪಂಪು ಇನ್ನು ಸೋರಲ್ಲ. ಸೋರದೆ ಇದ್ದಷ್ಟು ದಿನ ಊರು ನಿಮ್ಮನ್ನ ಆಡಿಕೊಳ್ಳುತ್ತೆ. ಇದು ಗೊತ್ತಿದ್ದೂ ಮಾಡಿ ಬಂದ್ರಾ?"

"ಗೊತ್ತಿದ್ದೂ ಮಾಡಿದೆ."

"ಲೇತು ಹೋಯ್ತು, ಹೆಸರೂ ಹೋಯ್ತು. ಇನ್ನೇನಿದೆ ನಿಮ್ಮ ಹತ್ತಿರ?"

ಅವರು ಕೈಗಳನ್ನು ತೊಡೆಯ ಮೇಲೆ ಬೋರಲು ಹಾಕಿಕೊಂಡು ಕೂತಿದ್ದರು. "ನಿನಗೊಬ್ಬಳಿಗೆ ಗೊತ್ತಿದೆಯಲ್ಲ," ಎಂದರು. ಆಕೆ ಒಲೆಯ ಕಡೆ ತಿರುಗಿಕೊಂಡಳು.

ಆಕೆ ಹೇಳಿದಂತೆಯೇ ಆಯಿತು. ಆಸ್ಟಿನ್ನು ಆ ವರ್ಷ ಮತ್ತು ಅದರ ಮರುವರ್ಷ ಎಷ್ಟೋ ಮದುವೆಗಳಿಗೆ ಹೋಗಿಬಂತು. ಏರಿನಲ್ಲಿ ನಿಲ್ಲಲಿಲ್ಲ, ಒಂದು ತೊಟ್ಟು ಸೋರಲಿಲ್ಲ. ಪಂಪೆಂದರೆ ಹೊಸದೇ ಆಗಬೇಕು, ಹಳೆಯದನ್ನು ಬಿಚ್ಚಿ ಕಟ್ಟುವ ಕಾಲ ಮುಗಿಯಿತೆಂದು ಉಜ್ವಲ್ ಮಂಡಿಯಲ್ಲಿ ಹೇಳಿದ, ಜನ ಒಪ್ಪಿದರು. ಸೋಮವಾರದ ಬಸ್ಸಿನಲ್ಲಿ ಕೂತ ರಸೂಲ್ ಸಾಬರನ್ನು ಕಂಡರೆ ಕಂಡಕ್ಟರ್ ಲಕ್ಷ್ಮಯ್ಯ, "ಏನ್ ಸಾಬ್ರೇ, ತುಮಕೂರಿನೋರ ಪಂಪು ಸೋರ್ತಾ ಅಂತ ನೋಡೋಕಾ? ಸೋರಲ್ಲ ಬುಡಿ, ಎಷ್ಟ್ ವಾರ ಅಂತ ಹೋಗ್ತೀರ," ಎನ್ನುವನು. ಬಸ್ಸಿನವರು ನಗುವರು. ರಸೂಲ್ ಸಾಬರೂ ನಕ್ಕು ಟಿಕೆಟ್ಟು ತೆಗೆದುಕೊಳ್ಳುವರು.

ಕಳೆದ ಮಾಗಿಯಲ್ಲಿ ಅವರಿಗೆ ಎದೆಯಲ್ಲಿ ಕಫ ಕಟ್ಟಿ ಏಳಲಾಗಲಿಲ್ಲ. ಭಾನುವಾರ ಸಂಜೆಯಿಂದಲೇ ಅವರು ಮಗ್ಗುಲು ಬದಲಿಸುತ್ತ ಒದ್ದಾಡುವುದನ್ನು ಅಜೀಜುನ್ನೀಸಾ ನೋಡಿದಳು. ಬೆಳಗ್ಗೆ ಆಕೆ ಬುರ್ಖಾ ತೊಟ್ಟು, ಮುಚ್ಚಳವಿರುವ ಸ್ಟೀಲಿನ ಡಬ್ಬಿಯೊಂದನ್ನು ತೊಳೆದು ಕೈಗೆತ್ತಿಕೊಂಡು ಬಾಗಿಲಲ್ಲಿ ನಿಂತಳು.

"ಎಲ್ಲಿಗೆ?" ಎಂದರು ಅವರು.

"ಹಂದನಕೆರೆಗೆ. ನಿಮ್ಮ ಪಾಲು ತರೋಕೆ," ಎಂದಳು. "ಆಕೆ ನೋಡಬೇಕು ಅಂದ್ರೆ ಅಲ್ಲೇ ನಾನೊಂದು ಗುಟುಕು ಕುಡೀತೀನಿ."

ಬಾಗಿಲು ಮುಚ್ಚಿದ ಮೇಲೆ ರಸೂಲ್ ಸಾಬರು ಗೋಡೆಯ ಕಡೆ ತಿರುಗಿದರು. ಹಾಸಿಗೆಯ ಪಕ್ಕದಲ್ಲಿ, ಬೂದಿಯಿಲ್ಲದ ತಟ್ಟೆಯಲ್ಲಿ, ಆಸ್ಟಿನ್ನಿನ ಪಂಪು ಕೂತಿತ್ತು. ಅವರು ಕೈ ಚಾಚಿ ಅದರ ಶಾಫ್ಟನ್ನು ಬೆರಳಿನಲ್ಲಿ ತಿರುವಿದರು. ಅದು ಸದ್ದಿಲ್ಲದೆ ಸುತ್ತಿ ನಿಂತಿತು.